ಕೌದಿ ತುಂಡು ಹಿಡಿದು ಲ್ಯಾಪ್‌ಟಾಪ್ ಕೊಂಡದ್ದು

ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಫ್ಯಾನು ಜೋರಾಯಿತು. ಸೊಸೆ ರೇಣುಕಾ ದೊಡ್ಡ ಕೆಲಸ ತೆಗೆದಿದ್ದಾಳೆ ಎಂದು ಅರ್ಥ. ಸಣ್ಣ ಕೆಲಸಕ್ಕೆ ಅದು ಉಸಿರೂ ಬಿಡುವುದಿಲ್ಲ, ದೊಡ್ಡದಕ್ಕೆ ಹಿಟ್ಟಿನ ಗಿರಣಿಯ ತಮ್ಮನ ಹಾಗೆ ಶುರುಮಾಡುತ್ತದೆ. ಅಡಿಗೆಮನೆಯಲ್ಲಿ ಕೂತೇ ಹೇಳಬಲ್ಲೆ, ಅವಳು ಚಿತ್ರ ಬರೆಯುತ್ತಿರುವುದು ಮಂಚದ ಹೊದಿಕೆಗೋ ಬರೀ ದಿಂಬಿನ ಚೀಲಕ್ಕೋ ಎಂದು. ಮೂರನೇ ಕ್ಲಾಸಿಗೆ ಸಾಲಿ ಬಿಟ್ಟ ಮುದುಕಿಗೆ ಇಷ್ಟು ಗೊತ್ತಾಗಬೇಕಾದರೆ ಅದರ ಹಿಂದೆ ಒಂದು ಕಥೆ ಇರಲೇಬೇಕು. ಇದೆ. ಬೇಳೆ ಬೇಯುವ ತನಕ ಹೇಳುತ್ತೇನೆ, ಕೂತುಕೊಳ್ಳಿ.

ಹೊಸಪೇಟೆಯ ಈ ಓಣಿಯಲ್ಲಿ ಜೀವಮಾನವೆಲ್ಲ ನಾನು ಕೌದಿ ಹೊಲಿದೆ. ಹಳೇ ಸೀರೆ, ಹಳೇ ಧೋತರ ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ, ಒಂದರ ಮೇಲೊಂದು ಹಾಸಿ ಸೂಜಿ ಓಡಿಸುವ ಕೆಲಸ. ಈಗ ಬೆರಳ ಗಂಟು ಬಾತಿವೆ, ಸೂಜಿ ನಿಲ್ಲುವುದಿಲ್ಲ. ಅದಕ್ಕೆ ನಾನೇನೂ ಅತ್ತಿಲ್ಲ. ಸಾಕಷ್ಟು ಹೊಲಿದಾಗಿದೆ. ಆದರೆ ಸೊಸೆಗೆ ಒಂದು ಹುಚ್ಚು ಹತ್ತಿತು. ಟ್ರಂಕಿನಲ್ಲಿದ್ದ ನನ್ನ ಕೌದಿಗಳ ಫೋಟೋ ಹಿಡಿದು, ಆ ತುಂಡುಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದು, ಹುಬ್ಬಳ್ಳಿಯಲ್ಲಿ ಬಟ್ಟೆಯ ಮೇಲೆ ಅಚ್ಚು ಹಾಕಿಸುವುದು.

"ಹೊಲೀಲಾರದ ಹೆಂಗಲೇ ಕೌದಿ ಆಗ್ತತಿ?" ಎಂದೆ.

"ಹೊತ್ಕೊಳ್ಳಾಕಲ್ಲ ಅತ್ತಿ, ನೋಡಾಕ," ಎಂದಳು. "ಹಂಪಿಗೆ ಬರೋರು ನೋಡಾಕ ರೊಕ್ಕ ಕೊಡ್ತಾರ."

ಅದು ನಿಜವೇ ಆಯಿತು. ಹಂಪಿಯ ಹತ್ತಿರ ಪ್ರವಾಸಿಗಳಿಗೆ ಕೋಣೆ ಕೊಡುವ ವೆಂಕೋಬರಾಯರು ಹತ್ತು ಕೋಣೆಗೆ ಪರದೆ, ಹೊದಿಕೆ ಬೇಕೆಂದರು. ಅಷ್ಟು ಕೇಳಿದ್ದೇ ರೇಣುಕಾ ತೋರಣಗಲ್ಲಿನ ಕಾರ್ಖಾನೆ ಆಫೀಸಿನ ಗುತ್ತಿಗೆ ಕೆಲಸ ಬಿಟ್ಟಳು. ದಿನಾ ಐದೂವರೆಯ ಬಸ್ಸು, ಧೂಳು, ನಿಂತೇ ಹೋಗಿ ನಿಂತೇ ಬರುವುದು. ಬಿಟ್ಟ ದಿನ ಎಂಟು ಗಂಟೆಯವರೆಗೆ ಮಲಗಿದ್ದಳು, ನಾನು ಎಬ್ಬಿಸಲಿಲ್ಲ.

ಅಚ್ಚಾದ ಮೊದಲ ತುಂಡು ಬಂತು. ನನ್ನ ಕೌದಿಯಲ್ಲಿ ಇದ್ದದ್ದು ಸಂಡೂರಿನ ಮಣ್ಣಿನಂಥ ಕೆಂಪು. ಬಂದದ್ದು ರಾಣಿ ಬಣ್ಣ, ಬ್ಯಾಂಡಿನವರ ಅಂಗಿಯ ಹಾಗೆ. ಹಳೇ ಕಂಪ್ಯೂಟರಿನ ಪರದೆಯಲ್ಲಿ ಕೆಂಪು ಸತ್ತಂತೆ ಕಾಣುತ್ತಿತ್ತು. ಇವಳು ಜೀವ ಬರಲಿ ಎಂದು ಬಣ್ಣ ಏರಿಸಿದ್ದಾಳೆ, ಏರಿಸಿದ್ದಾಳೆ, ಅಲ್ಲಿ ಬಟ್ಟೆಯ ಮೇಲೆ ಅಷ್ಟೂ ಸುರಿದಿದೆ. ಒಯ್ದು ತೋರಿಸಿದರೆ ರಾಯರು ಬೈಯಲಿಲ್ಲ. ಬೈಯದವರೇ ಕಷ್ಟ.

"ಮುಂದಿನ ಗುರುವಾರ ಇನ್ನೊಂದ್ಸಲ ತೋರಸ್ರಿ. ಅವತ್ತೂ ಹಿಂಗ ಬಂದ್ರ ನಾ ಬ್ಯಾರೆಯೋರಿಗೆ ಕೆಲಸ ಕೊಟ್ಟುಬಿಡ್ತೀನಿ," ಎಂದರು.

ಬಸ್ಸಿನಲ್ಲಿ ಬರುವಾಗ ಅವಳು ಆ ರಾಣಿ ಬಣ್ಣದ ತುಂಡನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಕೆಂಪು ತಪ್ಪಿದರೆ ಮತ್ತೆ ಐದೂವರೆಯ ಬಸ್ಸು, ಅದು ಇಬ್ಬರಿಗೂ ಗೊತ್ತಿತ್ತು. ಹೊಸ ಲ್ಯಾಪ್‌ಟಾಪ್ ಬೇಕೇಬೇಕು ಎಂದಳು. ನಾನೂ ಬರುತ್ತೇನೆ ಎಂದೆ. ಆ ಮಷೀನಿನ ಒಳಗೇನಿದೆ ನನಗೆ ತಿಳಿಯದು. ಕೆಂಪು ತಿಳಿಯುತ್ತದೆ.

ಮರುದಿನ ಸೀರೆ ಬದಲಿಸಿ ನಾನೇ ಮೊದಲು ಹೊರಗೆ ನಿಂತೆ. ನನ್ನ ಮದುವೆಯ ಬಟ್ಟೆ ತರಲು ಹೋದಾಗಲೂ ಇಷ್ಟು ಹುರುಪು ಇರಲಿಲ್ಲ, ಆಗ ನನ್ನನ್ನು ಯಾರೂ ಕರೆದುಕೊಂಡೂ ಹೋಗಿರಲಿಲ್ಲ. ಕೌದಿಯ ಮೂಲೆಯಿಂದ ಒಂದು ಕೆಂಪು ತುಂಡು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ.

ಅಂಗಡಿ ಬಸವರಾಜಪ್ಪನದು. ಅವರಪ್ಪನ ಕಾಲಕ್ಕೆ ಅಕ್ಕಿ ಗಿರಣಿ ಇತ್ತು, ಈಗ ಇದು. ಒಳಗೆ ಹೋದರೆ ಗೋಡೆ ತುಂಬ ಪರದೆಗಳು. ನವಿಲು, ಜಲಪಾತ, ಯಾವುದೋ ಊರಿನ ಹೂದೋಟ, ಎಲ್ಲ ಒಂದೇ ಸಲ ಮಿಂಚುತ್ತಿವೆ. ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ. ರೇಣುಕಾ ತನ್ನ ಚೀಟಿ ತೆಗೆದು ಓದಿದಳು: ರ್‍ಯಾಮ್ ಮೂವತ್ತೆರಡು, ಗ್ರಾಫಿಕ್ಸ್ ಕಾರ್ಡು ಬೇರೆ ಇರಬೇಕು, ಬಣ್ಣ ಪೂರ್ತಿ ತೋರಿಸುವ ಪರದೆ ಬೇಕು. ಮದುವೆಗೆ ಹೆಣ್ಣು ಕೇಳುವಾಗಲೂ ಜನ ಇಷ್ಟು ಕರಾರು ಹೇಳುವುದಿಲ್ಲ. ಬಸವರಾಜಪ್ಪ ಎರಡು ತಂದಿಟ್ಟ. ಒಂದರ ಕೀಲಿಗಳ ಕೆಳಗೆ ಬಣ್ಣಬಣ್ಣದ ದೀಪ, ಹಸಿರು ಹೋಗಿ ನೀಲಿ, ನೀಲಿ ಹೋಗಿ ಗುಲಾಬಿ. ಇನ್ನೊಂದು ಬೂದಿ ಬಣ್ಣದ್ದು, ತಾಲ್ಲೂಕು ಆಫೀಸಿನ ಗುಮಾಸ್ತನ ಮುಖದ ಹಾಗೆ.

"ದೀಪದ್ದ ತೊಗೊ," ಎಂದೆ ತಕ್ಷಣ.

"ಅತ್ತಿ, ದೀಪ ಹಚ್ಚಾಕ ತೊಗೊಳ್ಳಾತೇವೇನು?"

"ಇರ್ಲಿ ಬಿಡಲೇ. ಕರೆಂಟ್ ಹೋದ್ರ ಉಪಯೋಗಕ್ಕ ಬರ್ತತಿ."

ಬಸವರಾಜಪ್ಪ ನನ್ನ ಕಡೆಗೇ ತಿರುಗಿದ. "ಅಮ್ಮಾರು ಸರಿ ಹಿಡದ್ರು ನೋಡ್ರಿ. ಭಾಳ ಮಸ್ತ್ ಮಾಲು. ಬಣ್ಣ ಹೆಂಗ ಹೊಡೀತತಿ ನೋಡ್ರಿ."

ಹೊಡೆಯುತ್ತಿತ್ತು, ನಿಜ. ರೇಣುಕಾ ಪೆನ್‌ಡ್ರೈವಿನಿಂದ ನನ್ನ ಕೌದಿಯ ಫೋಟೋವನ್ನು ಎರಡರಲ್ಲೂ ತೆರೆದಳು. ದೀಪದ್ದರಲ್ಲಿ ನನ್ನ ಕೌದಿ ನಾಟಕದ ರಾಣಿಯ ಹಾಗೆ ಎದ್ದು ನಿಂತಿತು. ನನಗೆ ಹೆಮ್ಮೆ ಬಂತು, ಸುಳ್ಳೇಕೆ ಹೇಳಲಿ. ಸೊಂಟದ ತುಂಡು ತೆಗೆದು ಪಕ್ಕಕ್ಕೆ ಹಿಡಿದೆ. ಟ್ಯೂಬ್‌ಲೈಟಿನಲ್ಲಿ ಅದು ಎಲ್ಲಿಯದೋ ಕಂದು ಬಣ್ಣವಾಗಿ ಕೂತಿತ್ತು.

ನನ್ನ ತಾಯಿ ಕಂಪ್ಲಿಯವಳು. ನೂಲಾಗಲಿ ಬಟ್ಟೆಯಾಗಲಿ, ಅಂಗಡಿಯ ಒಳಗೆ ನಿಂತು ಬಣ್ಣ ಒಪ್ಪಿದವಳಲ್ಲ. ಉಂಡೆ ಕಿತ್ತುಕೊಂಡು ಬೀದಿಗೇ ಬರುವಳು. ಅವಳು ಬರುವುದು ಕಂಡರೆ ನೂಲಿನಂಗಡಿಯವನು ಊಟಕ್ಕೆ ಹೊರಡುತ್ತಿದ್ದ. ಕೌದಿಯವರ ರೂಢಿಯೇ ಅದು, ಬಣ್ಣ ನೋಡುವುದು ಹೊಸ್ತಿಲ ಬೆಳಕಿಗೆ. ನಾನೂ ಹೇಳಿದೆ:

"ಎರಡೂ ಹೊರಗ ತರ್ರಿ."

"ಲ್ಯಾಪ್‌ಟಾಪ್ ಹೊರಗಾ? ಯಾರೂ ಹಂಗ ಕೇಳಂಗಿಲ್ರಿ ಅಮ್ಮಾರ."

"ನಾ ಕೇಳಾಕತ್ತೀನಲ್ಲ."

ತಂದ. ನಾನು ನೇರ ಬಿಸಿಲಿಗೇ ಇಡಿಸಿದೆ. ಬಗ್ಗಿ ನೋಡಿದರೆ ದೀಪದ ಪರದೆಯಲ್ಲಿ ಕೌದಿಯೂ ಇಲ್ಲ, ಕೆಂಪೂ ಇಲ್ಲ. ಇರುವುದು ನನ್ನದೇ ಮುಖ, ಹಲ್ಲಿನ ಸಂದು ಸಮೇತ.

"ಕನ್ನಡಿ ಅಂಗಡಿ ಆ ಕಡಿಗೆ ಐತ್ರಿ," ಎಂದ ಬಸವರಾಜಪ್ಪ. ರೇಣುಕಾ ಸೆರಗು ಬಾಯಿಗೆ ಹಿಡಿದಳು. ವಾರದಲ್ಲಿ ಮೊದಲ ಸಲ ನಕ್ಕದ್ದು.

ಬಟ್ಟೆಗೆ ಬಿಸಿಲು ಬೇಕು, ಪರದೆಗೆ ಬೇಡ. ಅವತ್ತು ಕಲಿತೆ. ಎರಡನ್ನೂ ಅಂಗಡಿಯ ಕಟ್ಟೆಯ ನೆರಳಿಗೆ ಎಳೆಸಿದೆ, ತುಂಡನ್ನು ನಡುವೆ ಇಟ್ಟೆ. ಆಗ ಕಂಡಿತು. ದೀಪದ್ದು ನನ್ನ ಕೆಂಪಿಗೆ ಖಾರದಪುಡಿ ಕಲಸಿತ್ತು. ಇದರ ಮುಂದೆ ಕೂತರೆ ಇವಳು ಕೆಂಪು ಇಳಿಸುತ್ತಾಳೆ, ಅಲ್ಲಿ ಬಟ್ಟೆ ಬೂದಿಯಾಗಿ ಬರುತ್ತದೆ. ಗುಮಾಸ್ತನ ಮುಖದ್ದು ಏನನ್ನೂ ಕೂಡಿಸಿರಲಿಲ್ಲ. ತುಂಡಿನ ಅಂಚು ಎಲ್ಲಿ ಮುಗಿಯಿತು, ಪರದೆ ಎಲ್ಲಿ ಶುರುವಾಯಿತು, ಒಂದು ಕ್ಷಣ ತಿಳಿಯಲಿಲ್ಲ. ಸೊಸೆಯ ಮೊಣಕೈ ಗಟ್ಟಿಯಾಗಿ ಹಿಡಿದೆ.

"ಇದು," ಎಂದೆ.

"ನನ್ನ ಚೀಟ್ಯಾಗೂ ಇದಾ ಐತಿ ಅತ್ತಿ," ಎಂದಳು. ಅವಳಿಗೆ ಓದಿ ಗೊತ್ತಿತ್ತು, ನನಗೆ ನೋಡಿ ಗೊತ್ತಾಯಿತು. ಹೊತ್ತು ಹಾಳಾದದ್ದು ಬಸವರಾಜಪ್ಪನದು.

ಆಮೇಲೆ ಜೊತೆಯ ಸಾಮಾನು. ಪರದೆಯೊಳಗೆ ಗೆರೆ ಎಳೆಯುವ ಒಂದು ಹಲಗೆ ಮತ್ತು ಪೆನ್ನು, ಮೌಸು, ಚಿತ್ರಗಳನ್ನು ತುಂಬಿಡುವ ಡಬ್ಬಿ. ಎಲ್ಲಕ್ಕೂ ಹೂಂ ಎಂದೆ. ಕಡೆಗೆ ತೂತು ತೂತಿನ ಒಂದು ಸ್ಟ್ಯಾಂಡು ತಂದ.

"ಇದರ ಮ್ಯಾಲಿಡ್ರಿ. ಬಿಸಿ ಆಗೋ ಮಷೀನು, ಕೆಳಗ ಗಾಳಿ ಆಡ್ಬೇಕು."

"ಅದಕ್ಕ ಸಿಂಹಾಸನ ಬ್ಯಾರೆ ಬೇಕೇನು? ಬ್ಯಾಡ," ಎಂದೆ. ರೇಣುಕಾ ಏನೋ ಹೇಳಲು ಬಂದಳು, ನಾನು ಆಗಲೇ ಮೆಟ್ಟಿಲು ಇಳಿದಿದ್ದೆ.

ಮನೆಗೆ ಬಂದ ಮೇಲೆ ನಾನು ಮಾಡಿದ ಕೆಲಸ ಕೇಳಿ. ಅಷ್ಟು ಬೆಲೆಯ ಸಾಮಾನು ಬರೀ ಮೇಜಿನ ಮೇಲೆ ಕೂರಿಸುವುದೆಂದರೆ ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮಲ್ಲಿ ಬಾಣಂತಿ ಬರಲಿ, ಅಳಿಯ ಬರಲಿ, ಮೊದಲು ಕೌದಿ ಹಾಸುತ್ತೇವೆ. ನಾಲ್ಕು ಪದರದ ಕೌದಿಯನ್ನು ಮಡಚಿ ಮೇಜಿನ ಮೇಲೆ ಹಾಸಿ ಅದನ್ನು ಕೂರಿಸಿದೆ. ಕೆಲಸದ ಗಡಿಬಿಡಿಯಲ್ಲಿ ರೇಣುಕಾ ಕೂಡ ಅದರ ಮುಂದೆ ಹಾಗೇ ಕೂತುಬಿಟ್ಟಳು.

ಭಾನುವಾರ ಮಧ್ಯಾಹ್ನ ಅದು ಕೂಗಲು ಶುರುಮಾಡಿತು. ಗಂಟೆ ಹೊತ್ತು ಕೂಗಿತು. ಆಮೇಲೆ ಒಮ್ಮೆಲೇ ಕಪ್ಪಾಗಿ ಸುಮ್ಮನಾಯಿತು. ಸಂಜೆ ಚಿತ್ರ ಹುಬ್ಬಳ್ಳಿಗೆ ಹೋಗಲೇಬೇಕು, ಇಲ್ಲದಿದ್ದರೆ ಗುರುವಾರಕ್ಕೆ ಬಟ್ಟೆ ಇಲ್ಲ. ರೇಣುಕಾ ಕೂಗಾಡಲಿಲ್ಲ. ಕೆಳಗೆ ಕೈ ಹಾಕಿದಳು, ಚಟ್ಟನೆ ತೆಗೆದಳು.

"ಅತ್ತಿ, ಹಂಚು ಕಾದಂಗ ಕಾದೇತಿ. ಉಸಿರು ಕಟ್ಟೇತಿ ಇದಕ್ಕ."

ಉಸಿರು ಕಟ್ಟಿಸಿದ್ದು ನನ್ನ ಕೌದಿ. ನಾನು ಎಳೆದು ಬಿಸಾಡಿದೆ. ಒಳಗೆ ಓಡಿ ಊಟದ ತಾಟು ಇಡುವ ಕಬ್ಬಿಣದ ಅಡ್ಡಣಿಗೆ ತಂದೆ, ಅದರ ಮೇಲೆ ಮಷೀನು ಇಟ್ಟು, ಬೀಸಣಿಗೆ ಹಿಡಿದು ಕೂತೆ. ಮಗ ಹುಟ್ಟಿದಾಗ ಬೀಸಿದ್ದೆ, ಆಮೇಲೆ ಅವತ್ತೇ. ಅರ್ಧ ಗಂಟೆಗೆ ಅದು ಕಣ್ಣು ಬಿಟ್ಟಿತು. ಮಧ್ಯಾಹ್ನದ ಕೆಲಸ ಅಷ್ಟೂ ಹೋಗಿತ್ತು.

"ನಂದಾ ತಪ್ಪು," ಎಂದೆ.

"ಹೌದು, ನಿಮ್ದಾ," ಎಂದಳು. "ಈಗ ಬೀಸ್ರಿ."

ಬೀಸಿದೆ. ಅವಳು ಮತ್ತೆ ಮೊದಲಿನಿಂದ ಬರೆದಳು, ದೀಪ ಹಚ್ಚುವ ಹೊತ್ತಿಗೆ ಕಳಿಸಿದಳು.

ಗುರುವಾರ ವೆಂಕೋಬರಾಯರ ಪಡಸಾಲೆಯಲ್ಲಿ ಹೊಸ ಬಟ್ಟೆ ಬಿಚ್ಚಿದೆವು. ಪಕ್ಕದಲ್ಲಿ ನನ್ನ ಹಳೇ ಕೌದಿ. ರಾಯರು ಕನ್ನಡಕ ಏರಿಸಿದರು, ಇಳಿಸಿದರು. ಬಟ್ಟೆಯನ್ನು ಬೆರಳಿಂದ ಉಜ್ಜಿ ನೋಡಿದರು.

"ಪರದಿ ಕೆಳಗ ನಾಕು ಬೆರಳು ಉದ್ದ ಆಗ್ಬೇಕಾಗಿತ್ತಲ್ಲವಾ," ಎಂದರು. "ಗುಬ್ಬಿ ಬಂದು ಕುಂದರ್ತಾವ ಕಿಟಕ್ಯಾಗ. ದಿಂಬು ಕೋಣಿಗೆ ಎರಡಲ್ಲ, ಮೂರು ಮಾಡ್ರಿ."

ರೇಣುಕಾ ಬರೆದುಕೊಳ್ಳುತ್ತಲೇ ಕಾಯುತ್ತಿದ್ದಳು. ಬಣ್ಣದ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನೂ ಕಾದೆ. ರಾಯರು ಗುಬ್ಬಿಯ ವಿಷಯ ಮುಗಿಸಿ, ಪರದೆ ತೂಗುಹಾಕುವ ಬಳೆಗಳ ವಿಷಯ ತೆಗೆದು, ಕಾಫಿ ತರಿಸಿದರು. ಬಣ್ಣದ ಮಾತು ಬರಲೇ ಇಲ್ಲ. ಸರಿಯಾಗಿ ಬಂದ ಬಣ್ಣದ ಬಗ್ಗೆ ಯಾರು ತಾನೇ ಏನು ಹೇಳುತ್ತಾರೆ? ಕಾಫಿ ಲೋಟದ ಹಿಂದೆ ಸೊಸೆ ನನ್ನನ್ನು ನೋಡಿದಳು. ನಾನು ಲೋಟ ಖಾಲಿ ಮಾಡಿ ಇನ್ನರ್ಧ ಕೇಳಿದೆ.

ಅದಾಗಿ ಎರಡು ವರ್ಷ ಕಳೆದಿವೆ. ಬೇಳೆಯೂ ಬೆಂದಿದೆ.

"ಅತ್ತಿ, ಜಲ್ದಿ ಬರ್ರಿ ಇಲ್ಲಿ. ಈ ಹಸರು ನೋಡ್ರಿ," ಎಂದು ಕರೆಯುತ್ತಿದ್ದಾಳೆ.

ಹೊಸ್ತಿಲಿನಿಂದಲೇ ಕಾಣುತ್ತಿದೆ. ಎಳೇ ಭತ್ತದ್ದೂ ಅಲ್ಲ, ಬಾಳೆಯದೂ ಅಲ್ಲ, ನನ್ನ ಯಾವ ಕೌದಿಯಲ್ಲೂ ಇರದ ಹಸಿರು. ಇವಳೇ ಹುಟ್ಟಿಸಿದ್ದು. ಚೆನ್ನಾಗಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಇರಲಿ, ಮೊದಲು ಹತ್ತಿರ ಹೋಗಿ ನೋಡುತ್ತೇನೆ.