ಕಹಿ ಅಕ್ಕನ ಪರೀಕ್ಷೆ

ನಮ್ಮ ತರಬೇತಿ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಕಹಿ ಅಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಹಳೆಯ ಕಟ್ಟಡಗಳ ಚಾವಣಿಯಿಂದ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಶೀಟುಗಳನ್ನು ಇಳಿಸುವ ಕೆಲಸಗಾರರಿಗೆ ಪಾಠ ಹೇಳುವುದು ಅವಳ ಕೆಲಸ. ಪಾಸಾದವರಿಗೆ ಕಾರ್ಡು ಬರೆದುಕೊಡುವುದು ನನ್ನದು. ಅವಳ ಮನೆಯ ಮಹಡಿಯ ಕೋಣೆಯಲ್ಲೇ ಬಾಡಿಗೆಗಿದ್ದೇನೆ. ಹಾಗಾಗಿ ಆಫೀಸಿನ ಅಕ್ಕನನ್ನೂ ಬಲ್ಲೆ, ಮನೆಯ ಅಕ್ಕನನ್ನೂ ಬಲ್ಲೆ. ಹೆಚ್ಚಿನ ವ್ಯತ್ಯಾಸವಿಲ್ಲ, ಇಬ್ಬರೂ ಬೈಯುತ್ತಾರೆ.

ಮೊದಲು ಅವಳೂ ತಲೆಯ ಮೇಲೆ ಇಟ್ಟಿಗೆ ಹೊತ್ತವಳೇ. ಹನ್ನೆರಡು ವರ್ಷದ ಹಿಂದೆ ಇದೇ ಪಾಠಕ್ಕೆ ಬಂದಿದ್ದಳು. ಆಗ ಪಾಠ ಹೇಳುತ್ತಿದ್ದ ಮೇಷ್ಟ್ರು ಶೀಟು ಇಳಿಸುವುದು ಹೇಗೆಂದು ಬೋರ್ಡಿನ ಮೇಲೆ ಚಿತ್ರ ಬರೆದರು. ಅವಳು ಎದ್ದು ನಿಂತು, "ಹಾಗೆ ಹಿಡಿದ್ರೆ ಶೀಟೂ ಬೀಳುತ್ತೆ, ನೀವೂ ಬೀಳ್ತೀರಿ" ಎಂದಳು. ಮರುವರ್ಷ ಅವರ ಕುರ್ಚಿ ಇವಳದಾಯಿತು.

ಕಲ್ನಾರಿನ ಧೂಳಿನ ಪಾಠ ಹೇಳುವುದು ಸುಲಭವಲ್ಲ. ಅದರ ಸಣ್ಣ ಎಳೆಗಳು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ವಾಸನೆ ಬರುವುದಿಲ್ಲ. ಒಳಗೆ ಹೋದದ್ದು ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದು ಆಮೇಲೆ ಶ್ವಾಸಕೋಶ ಹಿಡಿಯುತ್ತದೆ. ಇದನ್ನು ಹೇಳಿದರೆ ಕೆಲಸಗಾರರು ಆಕಳಿಸುತ್ತಾರೆ. ನಾಳೆಯ ಊಟದ ಚಿಂತೆ ಇರುವವನು ಮೂವತ್ತು ವರ್ಷದ ಆಚೆಯ ಸಾವಿಗೆ ಏಕೆ ಹೆದರುತ್ತಾನೆ? ಆದ್ದರಿಂದ ಅಕ್ಕ ಹೆದರಿಸುವುದಿಲ್ಲ, ಮಾಡಿಸುತ್ತಾಳೆ. ಶೀಟಿಗೆ ಮೊದಲು ನೀರು ಹೊಡೆ. ಸುತ್ತಿಗೆ ಮುಟ್ಟಬೇಡ, ಬೋಲ್ಟು ಬಿಚ್ಚು. ಒಡೆಯದೆ ಇಡಿಯಾಗಿ ಇಳಿಸಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತು. "ಹಸುಗೂಸು ಎತ್ಕೊಳ್ಳೋ ಹಾಗೆ ಎತ್ಕೊಳ್ರೋ. ಗುದ್ದೋಕೆ ಜಗಳ ಆಡಿದ ಮಾವನ ಮನೆ ಬಾಗಿಲಲ್ಲ ಅದು!"

ಅವಳಿಗೆ ಆ ಹೆಸರು ಬಂದದ್ದು ಕೊನೆಯ ಪರೀಕ್ಷೆಯಿಂದ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂದು ನೋಡುವ ಪರೀಕ್ಷೆ ಅದು. ತಲೆಗೆ ಒಂದು ಮುಸುಕು ಹಾಕಿ, ಅದರೊಳಗೆ ಕಹಿ ನೀರನ್ನು ಮಂಜಿನಂತೆ ಸಿಂಪಡಿಸುತ್ತಾಳೆ. ಮೊದಲ ಸುತ್ತಿನಲ್ಲಿ ಮಾಸ್ಕ್ ಇರುವುದಿಲ್ಲ. ಆ ನಾಲಿಗೆಗೆ ಕಹಿ ತಿಳಿಯುತ್ತದೆಯೇ ಎಂದಷ್ಟೇ ನೋಡುವುದು. ಎರಡನೆಯ ಸುತ್ತು ಮಾಸ್ಕ್ ಹಾಕಿ. ಆಗಲೂ ಕಹಿಯಾದರೆ ಎಲ್ಲೋ ಸಂದಿ ಇದೆ, ಗಾಳಿ ನುಗ್ಗುತ್ತಿದೆ, ನಪಾಸು. ನಪಾಸಾದವನಿಗೆ ಕಾರ್ಡಿಲ್ಲ, ಕಾರ್ಡಿಲ್ಲದವನಿಗೆ ಕೆಲಸವಿಲ್ಲ.

ಹಾಗಾಗಿ ಪಾಸಾದವರು ಹೊಸಬರಿಗೆ ಕಿವಿಮಾತು ಹೇಳಿ ಕಳಿಸುತ್ತಾರೆ: ಅಕ್ಕ ಏನೇ ಕೇಳಲಿ, ಕಹಿ ಇಲ್ಲ ಅನ್ನು. ಇದನ್ನು ಬಾಯಿಪಾಠ ಮಾಡಿಕೊಂಡು ಬಂದವನು ಮೊದಲ ಸುತ್ತಿನಲ್ಲೇ, ಮೂಗಿನ ಮೇಲೆ ಮಾಸ್ಕೇ ಇಲ್ಲದಾಗ, ಮುಖ ಹಿಂಡಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, "ಕಹಿ ಇಲ್ಲ ಅಕ್ಕ, ಚೂರೂ ಇಲ್ಲ" ಎನ್ನುತ್ತಾನೆ. ಪ್ರತಿ ತಂಡದಲ್ಲೂ ಇಂಥ ಬುದ್ಧಿವಂತ ಒಬ್ಬನಾದರೂ ಇರುತ್ತಾನೆ. "ಹಾಗಾದ್ರೆ ಇನ್ನೊಂಚೂರು ಹೊಡೀಲಾ?" ಎಂದು ಅಕ್ಕ ಕೇಳಿದ ಮೇಲೆ ಸತ್ಯ ಹೊರಬರುತ್ತದೆ.

ಕಳೆದ ವರ್ಷ ಅಕ್ಕನ ತಮ್ಮನೇ ಪರೀಕ್ಷೆಗೆ ಬಂದ. ಅವಳಿಗಿಂತ ಹತ್ತು ವರ್ಷ ಚಿಕ್ಕವನು. ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಇಪ್ಪತ್ತು ವರ್ಷದಿಂದ ಚಾವಣಿ ಕೆಲಸ ಮಾಡುತ್ತಿದ್ದವನಿಗೆ ಬೇರೆ ಕೆಲಸ ಬಾರದು. ದೊಡ್ಡ ಗುತ್ತಿಗೆದಾರರು ಕಾರ್ಡು ಕೇಳತೊಡಗಿದ್ದರು. ಎದೆ ಮುಟ್ಟುವ ಗಡ್ಡ ಬಿಟ್ಟಿದ್ದ. ಗಡ್ಡದ ಮೇಲೆ ಮಾಸ್ಕ್ ಕೂರುವುದಿಲ್ಲ, ಬೋಳಿಸಿಕೊಂಡು ಬಾ ಎಂದಳು. ಮರುದಿನ ಬೋಳಿಸಿಕೊಂಡು ಬಂದ. ಗಡ್ಡ ಯಾಕೆ ಬಿಟ್ಟಿದ್ದನೆಂದು ಆಗ ನಮಗೆಲ್ಲ ತಿಳಿಯಿತು. ಹಿಂದೆಂದೋ ಬಿಸಿ ಡಾಂಬರು ಬಿದ್ದು ಎಡ ದವಡೆಯ ಚರ್ಮ ಗಂಟುಗಂಟಾಗಿತ್ತು. ಉಳಿದವರು ನೆಲ ನೋಡಿದರು. ಅಕ್ಕ ಮಾತ್ರ ಆ ಗಂಟನ್ನೇ ನೋಡುತ್ತಿದ್ದಳು.

ಮೊದಲ ಸುತ್ತಿನಲ್ಲಿ ಅವನು "ಥೂ, ವಿಷ!" ಎಂದು ಉಗಿದ. ಎರಡನೆಯದಕ್ಕೆ ಮಾಸ್ಕ್ ಬಿಗಿದಳು.

"ತಲೆ ಎತ್ತು, ಇಳಿಸು. ಆ ಕಡೆ ತಿರುಗು. ಈಗ ಒಂದರಿಂದ ಎಣಿಸು."

ಹನ್ನೊಂದಕ್ಕೆ ಬರುವಷ್ಟರಲ್ಲಿ ಅವನ ಗಂಟಲು ಏರಿ ಇಳಿಯಿತು. ಎಣಿಕೆ ಮಾತ್ರ ನಿಲ್ಲಲಿಲ್ಲ.

"ಕಹಿ?"

"ಇಲ್ಲ."

"ಸರಿಯಾಗಿ ನೋಡ್ಕೊಂಡು ಹೇಳು."

"ಇಲ್ಲ ಅಂದ್ನಲ್ಲ ಅಕ್ಕ."

ಮೂರು ಅಳತೆಯ ಮಾಸ್ಕ್ ಹಾಕಿ ನೋಡಿದಳು. ಮೂರರಲ್ಲೂ ಅಂಚು ಆ ಗಂಟಿನ ಮೇಲೆ ಎದ್ದು ನಿಂತಿತ್ತು. ಮೂರು ಸಲವೂ ಇಲ್ಲ ಎಂದ, ಮೂರು ಸಲವೂ ಉಗುಳು ನುಂಗಿದ. ಅಕ್ಕ ಕಾಗದದ ಮೇಲೆ ನಪಾಸು ಎಂದು ಬರೆದು ನನ್ನ ಮೇಜಿಗೆ ತಳ್ಳಿದಳು.

"ಒಡಹುಟ್ಟಿದೋನು, ಒಂದ್ಸಲ ಕಣ್ಮುಚ್ಚಿ ಅಕ್ಕ" ಎಂದೆ. ಹೇಳಬಾರದಿತ್ತು, ಹೇಳಿದೆ.

"ನಾನು ಕಣ್ಮುಚ್ಚಿದ್ರೆ ಆ ಸಂದಿ ಮುಚ್ಕೊಳ್ಳುತ್ತೇನ್ರೀ?"

ಅವನು ಮುಸುಕು ಕಿತ್ತು ಮೇಜಿನ ಮೇಲೆ ಬಿಸಾಕಿದ. "ಸರಿ. ಕಾರ್ಡ್ ಕೇಳದಿರೋ ಕಡೆ ಹೋಗ್ತೀನಿ" ಎಂದು ಹೊರಟ.

ಕಾರ್ಡು ಕೇಳದ ಕಡೆ ಮಾಸ್ಕೂ ಇರುವುದಿಲ್ಲ, ನೀರೂ ಇರುವುದಿಲ್ಲ. ಅದು ಅಕ್ಕನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮುಖಕ್ಕೆ ಅಂಟಬೇಕಿಲ್ಲದ, ಸೊಂಟದ ಪಂಪಿನಿಂದ ಗಾಳಿ ಊದುವ ಟೋಪಿಯೊಂದಿದೆ. ಅವನಂಥವರಿಗೆ ಅದೇ ಆಗಬೇಕು. ಅದು ಬೇಕೆಂದು ಮೇಲಿನವರಿಗೆ ಅಕ್ಕ ಹಿಂದಿನ ವರ್ಷಗಳಲ್ಲೇ ಮೂರು ಸಲ ಬರೆದಿದ್ದಳು. ಮೂರು ಸಲವೂ ಟೈಪು ಮಾಡಿದವನು ನಾನೇ. ಮುಂದಿನ ವರ್ಷ ನೋಡೋಣ ಎಂಬ ಉತ್ತರವೂ ಮೂರು ಸಲ ಬಂದಿತ್ತು. ಶೀಟಿನ ಕೆಳಗೆ ಒಂದು ದಿನವೂ ನಿಲ್ಲದವರಿಗೆ ಮುಂದಿನ ವರ್ಷ ಬಹಳ ಹತ್ತಿರವೆಂದು ಕಾಣುತ್ತದೆ.

ಪರೀಕ್ಷೆಯಾಗಿ ಹದಿನೈದು ದಿನ ಕಳೆದ ಮೇಲೆ, ಅವನು ಯಾವುದೋ ಹಳೆಯ ಗೋದಾಮಿನ ಚಾವಣಿ ಕೀಳುತ್ತಿದ್ದಾನೆಂದು ತಮ್ಮನ ಹೆಂಡತಿ ಬಾಯಿಬಿಟ್ಟಳು. ಅಕ್ಕ ಹೋಗಿ ಎದುರು ರಸ್ತೆಯಲ್ಲಿ ನಿಂತು ನೋಡಿದಳು. ಹನ್ನೆರಡು ಜನ ಒಣ ಶೀಟಿನ ಮೇಲೆ ಸುತ್ತಿಗೆ ಬೀಸುತ್ತಿದ್ದರು. ಮೂಗಿಗೆ ಕರ್ಚೀಫು ಕಟ್ಟಿದವರು ಇಬ್ಬರೇ. ತಮ್ಮ ಅದನ್ನೂ ಕಟ್ಟಿರಲಿಲ್ಲ. ಅವಳು ಕೂಗಲಿಲ್ಲ, ಹತ್ತಿರ ಹೋಗಲಿಲ್ಲ. ಕಾರ್ಮಿಕ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದಳು. ತಮ್ಮನ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೇನೆಂದು ತಿಳಿದೇ ಮಾಡಿದಳು. ಮರುದಿನ ಮಧ್ಯಾಹ್ನ ಕೆಲಸ ನಿಂತಿತು.

ಸಂಜೆ ತಮ್ಮ ಅಕ್ಕನ ಮನೆಗೆ ಬಂದ. ನಾನು ಮಹಡಿ ಮೆಟ್ಟಿಲ ಮೇಲಿದ್ದೆ. ಅವನ ತಲೆಯಿಂದ ಕಾಲಿನವರೆಗೆ ಧೂಳು.

"ನನ್ನ ಅನ್ನಕ್ಕೆ ಕಲ್ಲು ಹಾಕ್ಬಿಟ್ಟೆಯಲ್ಲ ಅಕ್ಕ!"

"ಹೂಂ, ಹಾಕ್ದೆ. ಒಳಗೆ ಬರ್ಬೇಡ, ಅಲ್ಲೇ ನಿಲ್ಲು."

ಹೊಸ್ತಿಲಿಗೆ ಕಾಲಿಡಲು ಹೊರಟವನು ಹಾಗೇ ನಿಂತ. ಆ ಮನೆಯಲ್ಲಿ ಅವನಿಗೆ ಯಾರೂ ಎಂದೂ ಆ ಮಾತು ಹೇಳಿರಲಿಲ್ಲ. ಮುಖ ಸಣ್ಣದಾಯಿತು. ಅಕ್ಕ ಎರಡು ಬಕೆಟ್ ನೀರು ತಂದಿಟ್ಟು, ಬಟ್ಟೆಯ ಸಮೇತ ಅವನ ತಲೆಯ ಮೇಲೆ ಸುರಿಯತೊಡಗಿದಳು. ಬೈಯಲು ಬಾಯಿ ತೆರೆದರೆ, "ಬಾಯ್ಮುಚ್ಚು, ನೀರು ಹೋಗುತ್ತೆ" ಎಂದು ಗದರಿದಳು. ಧೂಳೆಲ್ಲ ನೆನೆದ ಮೇಲೆ ಅಂಗಿ ಬಿಚ್ಚಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ಅಕ್ಕಪಕ್ಕದವರು ಕಿಟಕಿಗೆ ಬಂದರು. ನಲವತ್ತು ದಾಟಿದ ಗಂಡಸು, ಸ್ನಾನ ಮಾಡಿಸಿಕೊಳ್ಳುವ ಮಗುವಿನ ಹಾಗೆ ತಲೆ ಬಗ್ಗಿಸಿ ನಿಂತಿದ್ದ. ನನಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

"ನಾನೇನೋ ನಿನ್ನ ತಮ್ಮ" ಎಂದ, ತಲೆ ಎತ್ತದೆ. "ಉಳಿದೋರು ಹನ್ನೊಂದು ಜನ ನಾಳೆ ಬೇರೆ ಕಡೆ ಶೀಟ್ ಒಡೆಯೋಕೆ ಹೋಗ್ತಿದ್ದಾರೆ. ನಾನೂ ಹೋಗ್ಬೇಕು. ಅವರಿಗೆ ಯಾವ ಅಕ್ಕ ಇದ್ದಾಳೆ?"

ಚುಚ್ಚಿದ್ದೋ ಕೇಳಿದ್ದೋ ನನಗೆ ತಿಳಿಯಲಿಲ್ಲ. ಅಕ್ಕನಿಗೂ ತಿಳಿದಂತೆ ಕಾಣಲಿಲ್ಲ. ಅವಳ ಕಣ್ಣು ತುಂಬಿತು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಎಲ್ಲಿ ಅದು?"

"ಹೇಳಿದ್ರೆ ಮತ್ತೆ ಫೋನ್ ಮಾಡ್ತೀಯ."

"ಹೂಂ, ಮಾಡ್ತೀನಿ."

ಅವನು ಮುಖದ ಮೇಲಿನ ನೀರನ್ನು ಅಂಗೈಯಿಂದ ಒರೆಸಿಕೊಂಡ. ಆಮೇಲೆ ವಿಳಾಸ ಹೇಳಿದ.