ಕಿವಿಗೊಟ್ಟ ಮುಖಗಳು

ಮೊನ್ನೆ ಚಿತ್ರದುರ್ಗದಲ್ಲಿ ಒಂದು ಗ್ರಂಥಿಗೆ ಅಂಗಡಿಯ ಮುಂದೆ ಹಾದುಹೋಗುವಾಗ ಅತಿಮಧುರದ ವಾಸನೆ ಮೂಗಿಗೆ ಬಂತು. ಅತಿಮಧುರ ಗೊತ್ತಲ್ಲ, ಗಂಟಲು ಕಟ್ಟಿದಾಗ ಬಾಯಲ್ಲಿಟ್ಟು ಚೀಪುವ ಆ ಸಿಹಿ ಬೇರು. ನಿಮಗೆ ಆ ವಾಸನೆಯಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ನಾನು ಮಾತ್ರ ರಸ್ತೆಯ ಅಂಚಿನಲ್ಲಿ ಹಾಗೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಆಟೋದವನು “ಒಸಿ ಪಕ್ಕಕ್ಕೆ ಬರ್ರಿ ಅಮ್ಮಾ” ಎಂದ ಮೇಲೆಯೇ ಎಚ್ಚರವಾದದ್ದು. ಒಂದು ಕಾಲಕ್ಕೆ ಆ ಬೇರು ಬೆಳಗಿನಿಂದ ರಾತ್ರಿಯವರೆಗೆ ನನ್ನ ದವಡೆಯಲ್ಲಿರುತ್ತಿತ್ತು. ಅದರಿಂದ ಗಂಟಲಿಗೆ ಏನೂ ಉಪಯೋಗವಾಗಲಿಲ್ಲ. ಆದರೆ ನಾನು ಫೋಟೋ ತೆಗೆಯಲು ಕಲಿತದ್ದು ಆಗಲೇ ಆದ್ದರಿಂದ ಆ ಬೇರಿನ ಮೇಲೆ ನನಗೆ ಸಿಟ್ಟಿಲ್ಲ.

ನಾನು ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ರೂಪ, ಎತ್ತರ ಇತ್ಯಾದಿಗಳಲ್ಲಿ ದೇವರು ನನಗೆ ಸ್ವಲ್ಪ ಜಿಪುಣತನ ಮಾಡಿದ್ದರೂ ದನಿಯಲ್ಲಿ ಧಾರಾಳಿಯಾಗಿದ್ದ. ಹಳಗನ್ನಡ ಪದ್ಯವನ್ನು ನಾನು ರಾಗವಾಗಿ ಓದಲು ಶುರುಮಾಡಿದರೆ ಪಕ್ಕದ ಕೊಠಡಿಯಲ್ಲಿ ಗಣಿತ ನಿಂತುಹೋಗುತ್ತಿತ್ತು. ಗಣಿತದ ಮೇಷ್ಟ್ರು ಇದನ್ನು ಹೊಗಳಿಕೆಯಾಗಿ ಹೇಳುತ್ತಿರಲಿಲ್ಲ. ನಾನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದೆ.

ಆಮೇಲೆ ಕತ್ತಿನಲ್ಲಿ ಥೈರಾಯ್ಡ್ ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. ದನಿಯ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾಗುವ ಸಾಧ್ಯತೆ ಉಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ತಲೆಯಾಡಿಸಿದ್ದೆ, ಅಂಥದ್ದೆಲ್ಲ ಬೇರೆಯವರಿಗೆ ಆಗುತ್ತದೆ ಎಂದು ನಾವು ನಂಬಿರುತ್ತೇವಲ್ಲ, ಹಾಗೆ. ಎಚ್ಚರವಾದಾಗ “ನೀರು” ಎಂದೆ. ಬಾಯಿಂದ ಬರೀ ಗಾಳಿ ಬಂತು. ಕಾಯೋಣ, ಬರಬಹುದು, ಪೂರ್ತಿ ಬರದೇ ಇರಲೂಬಹುದು ಎಂದರು ಡಾಕ್ಟರು. ಆ ದಿನ ಆಸ್ಪತ್ರೆಯ ಗೋಡೆಯ ಕಡೆ ಮುಖ ಮಾಡಿಕೊಂಡು ಅತ್ತೆ. ಅಳುವುದಕ್ಕೂ ದನಿ ಇರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಪಿಸುಮಾತಿನಲ್ಲಿ ಒಂದು ವಿಚಿತ್ರವಿದೆ, ಬೇಕಾದರೆ ನೀವೂ ಪರೀಕ್ಷೆ ಮಾಡಿ ನೋಡಿ. ನಾವು ಪಿಸುಗುಟ್ಟಿದರೆ ಎದುರಿನವರೂ ಪಿಸುಗುಟ್ಟುತ್ತಾರೆ. ಬಸ್ಸಿನ ಕಂಡಕ್ಟರು ನನ್ನ ಹತ್ತಿರ ಬಂದಾಗ ದನಿ ತಗ್ಗಿಸಿ “ಎಲ್ಲಿಗಕ್ಕಾ?” ಎನ್ನುತ್ತಿದ್ದ, ನಾವಿಬ್ಬರೂ ಸೇರಿ ಯಾವುದೋ ಸಂಚು ಮಾಡುತ್ತಿರುವ ಹಾಗೆ. ತರಕಾರಿಯವಳು ಅಕ್ಕಪಕ್ಕ ನೋಡಿ “ಬದ್ನೆಕಾಯಿ ಇವತ್ತಿಂದೇ” ಎಂದು ಕಿವಿಯಲ್ಲಿ ಹೇಳುತ್ತಿದ್ದಳು. ಮನೆಯಲ್ಲಿ ನಮ್ಮವರೂ ಪಿಸುಗುಟ್ಟಲು ಶುರುಮಾಡಿದರು. ನಮ್ಮ ಮನೆಯಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದದ್ದು ಕುಕ್ಕರ್ ಒಂದೇ.

ಶಾಲೆಯಲ್ಲಿ ಮಾತ್ರ ನಗು ಬರುತ್ತಿರಲಿಲ್ಲ. ನಮ್ಮ ಹೆಡ್‌ಮಿಸ್ಸು ಒಳ್ಳೆಯವರು, ನನ್ನನ್ನು ಗ್ರಂಥಾಲಯದಲ್ಲಿ ಕೂರಿಸಿದರು. ಬದಲಿಗೆ ಬಂದಿದ್ದ ಹುಡುಗಿ ನನ್ನ ತರಗತಿಯಲ್ಲಿ ನನ್ನ ಪದ್ಯಗಳನ್ನು ಓದುವುದು ಅಲ್ಲಿಗೆ ಕೇಳಿಸುತ್ತಿತ್ತು. ಚೆನ್ನಾಗಿಯೇ ಓದುತ್ತಿದ್ದಳು. ಅದನ್ನೇ ನನಗೆ ತಡೆಯಲಾಗುತ್ತಿರಲಿಲ್ಲ.

ಇಡೀ ಬಳಗದಲ್ಲಿ ಪಿಸುಗುಟ್ಟದೆ ಉಳಿದವಳು ನನ್ನ ಓರಗಿತ್ತಿ ಗೌರಕ್ಕ. ತಾಳ್ಯದಲ್ಲಿ ಜಮೀನು ನೋಡಿಕೊಂಡಿರುವ ಅವಳು ಆಚೆ ಹೊಲದವರನ್ನು ಕರೆಯುವ ದನಿಯಲ್ಲೇ ಈಚೆಯವರೊಂದಿಗೂ ಮಾತಾಡುವವಳು. ನನ್ನ ದನಿ ಹೋಗಿದೆ ಎಂದ ಮೇಲೆ, ಕಿವಿಯೂ ಹೋಗಿರಬಹುದು ಎಂದುಕೊಂಡಳೋ ಏನೋ, ಇನ್ನೂ ಜೋರಾದಳು. ಒಂದು ಭಾನುವಾರ ಮನೆಗೆ ಬಂದವಳು ನಾನು ಕಿಟಕಿಯ ಹತ್ತಿರ ಕುಳಿತಿದ್ದನ್ನು ನೋಡಿದಳು.

“ಹಿಂಗೇ ಕುಂತ್ರೆ ಏನ್ ಬರ್ತೈತೆ? ನಮ್ಮ ಹೊಲದಾಗೆ ಈರುಳ್ಳಿ ಕೊಯ್ತಾ ಅವ್ರೆ. ನಡಿ, ಹೋಗಾಣ.”

ನಾನು ಕೈಯಾಡಿಸಿ ಬೇಡವೆಂದೆ.

“ಅಲ್ಲಿ ನೀನೇನು ಮಾತಾಡಬೇಕಿಲ್ಲ ಕಣೆ. ಮಾತಾಡಾಕೆ ನಾನಿಲ್ವಾ? ಅಗಾ, ಆ ಕ್ಯಾಮೆರಾ ತಗಾ. ನಾಕು ಫೋಟೋ ಹೊಡಿ.”

ಆ ಕ್ಯಾಮೆರಾ ನಮ್ಮವರದು. ಹಿಂದೆ ಯಾವುದೋ ಹುಮ್ಮಸ್ಸಿನಲ್ಲಿ ತಂದು, ದುರ್ಗದ ಕೋಟೆಯ ಬಂಡೆಗಳನ್ನೆಲ್ಲ ಒಂದು ಸಲ ತೆಗೆದು, ಬಂಡೆಗಳು ಎಲ್ಲಿಗೂ ಹೋಗುವುದಿಲ್ಲವೆಂದು ತಿಳಿದು ಬೀರುವಿನಲ್ಲಿಟ್ಟಿದ್ದರು. ಅದರ ಯಾವ ಗುಂಡಿ ಏನು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಕತ್ತಿಗೆ ನೇತುಹಾಕಿಕೊಂಡು ಹೊರಟೆ. ಜನರ ಕಣ್ಣು ಆಪರೇಷನ್ನಿನ ಗೆರೆ ಬಿಟ್ಟು ಕ್ಯಾಮೆರಾದ ಮೇಲೆ ಬೀಳುತ್ತದಲ್ಲ ಎಂಬುದೇ ಆಗಿನ ಸಮಾಧಾನ.

ಹೊಲದಲ್ಲಿ ಹೆಂಗಸರು ಸಾಲಾಗಿ ಕುಳಿತು, ಕಿತ್ತು ಒಣಗಿಸಿದ ಈರುಳ್ಳಿಯ ಸೊಪ್ಪು ಕೊಯ್ದು ಗಡ್ಡೆಗಳನ್ನು ಗುಡ್ಡೆ ಹಾಕುತ್ತಿದ್ದರು. ಕ್ಯಾಮೆರಾ ಕಂಡದ್ದೇ ತಡ, ಎಲ್ಲರೂ ಎದ್ದು, ಸೆರಗು ಸರಿಮಾಡಿಕೊಂಡು, ಕೈಗಳನ್ನು ನೇರ ಇಳಿಬಿಟ್ಟು ರಾಷ್ಟ್ರಗೀತೆಗೆ ನಿಂತ ಹಾಗೆ ನಿಂತರು. “ಏಳಬೇಡ್ರಿ, ಕೂತೇ ಇರ್ರಿ” ಎಂದೆ. ಗಾಳಿ ಬೀಸುತ್ತಿತ್ತು, ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ. ಸಾಲಿನ ತುದಿಯಲ್ಲಿದ್ದ ಓಬಜ್ಜಿ ಎಂಬ ಮುದುಕಿ ಮಾತ್ರ, ನಾನು ಏನೋ ಹೇಳುತ್ತಿದ್ದೇನೆಂದು ತಿಳಿದು, ಮುಂದಕ್ಕೆ ಬಗ್ಗಿ, ಕಿವಿಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿ, ನನ್ನ ತುಟಿಗಳನ್ನೇ ನೋಡತೊಡಗಿದಳು. “ಏನಂದ್ಯವ್ವಾ?” ಎಂದಳು. ಅಷ್ಟು ಹೊತ್ತಿಗೆ ನನ್ನ ಬೆರಳು ಗುಂಡಿ ಒತ್ತಿತ್ತು.

ಆ ಮುಖವನ್ನು ನಾನು ಹೇಗೆ ಹೇಳಲಿ? ಎಷ್ಟೋ ವರ್ಷ ನಾನು ತರಗತಿಯಲ್ಲಿ ಮಾತಾಡಿದ್ದೇನೆ. ಒಬ್ಬರೂ ನನ್ನನ್ನು ಹಾಗೆ ಕೇಳಿಸಿಕೊಂಡಿರಲಿಲ್ಲ. ನನ್ನ ದನಿ ಹುಡುಗರ ಕಿವಿಯನ್ನು ತಾನೇ ಹುಡುಕಿಕೊಂಡು ಹೋಗುತ್ತಿದ್ದಾಗ ಅವರು ಬಗ್ಗುವ ಅಗತ್ಯವಾದರೂ ಏನಿತ್ತು?

ಆಮೇಲೆ ಪ್ರತಿ ಭಾನುವಾರ ಹೊರಟೆ. ಹೊಸದುರ್ಗದ ಸಂತೆ, ಹಿರಿಯೂರಿನ ಬಸ್‌ಸ್ಟ್ಯಾಂಡು, ಗಾಳಿಯಂತ್ರಗಳ ಗುಡ್ಡದ ಕೆಳಗೆ ಕುರಿ ಮೇಯಿಸುವವರು. ಅರ್ಧಕ್ಕರ್ಧ ಚಿತ್ರಗಳು ಮಸುಕು, ಕೆಲವುಗಳಲ್ಲಿ ನನ್ನದೇ ಬೆರಳು. ಹೋದಲ್ಲೆಲ್ಲ ಜನ ಕ್ಯಾಮೆರಾ ಮರೆತು, ಈ ಹೆಂಗಸು ಏನು ಹೇಳುತ್ತಿದ್ದಾಳೆಂದು ಹತ್ತಿರ ಬರುತ್ತಿದ್ದರು. ಬಂದವರು ತಾವೇ ಮಾತಾಡಲು ಶುರುಮಾಡುತ್ತಿದ್ದರು. ನಾನು ಅಡ್ಡ ಮಾತಾಡುವಂತಿರಲಿಲ್ಲ. ಒಂದು ಸಂಜೆ ಪ್ರಿಂಟುಗಳನ್ನು ಮಂಚದ ಮೇಲೆ ಹರಡಿಕೊಂಡು ಕೂತಿದ್ದಾಗ ನಮ್ಮವರು ಬಂದು ಬಹಳ ಹೊತ್ತು ನೋಡಿದರು.

“ಇವರೆಲ್ಲ ಏನು ಕೇಳಿಸ್ಕಂತಾ ಅದಾರೆ?” ಎಂದು ಕೇಳಿದರು, ರೂಢಿಯಂತೆ ಪಿಸುಗುಟ್ಟಿ.

ಆಗಲೇ ನನಗೂ ಕಂಡದ್ದು. ನನ್ನ ಚಿತ್ರಗಳಲ್ಲಿ ಇದ್ದವರೆಲ್ಲ ಕಿವಿಗೊಟ್ಟವರು. ಅದುವರೆಗೆ ನಾನು ಮಾತು ಕಳೆದುಕೊಂಡ ಟೀಚರು, ಹೊತ್ತು ಹೋಗಲೆಂದು ಕ್ಯಾಮೆರಾ ಹಿಡಿದವಳು. ಅಂದು ಮೊದಲ ಸಲ, ಇದು ನನ್ನ ಕೆಲಸ, ಇದನ್ನು ನಾನು ಬಲ್ಲೆ ಎನ್ನಿಸಿತು. ರಾತ್ರಿ ಊಟ ರುಚಿಸಿತು.

ಓಬಜ್ಜಿಯ ಚಿತ್ರವನ್ನು ದೊಡ್ಡದು ಮಾಡಿಸಿ ಗೌರಕ್ಕನ ಜೊತೆ ಅವಳ ಮನೆಗೆ ಹೋದೆ. ಅಜ್ಜಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಹತ್ತಿರ ತಂದಳು, ದೂರ ಹಿಡಿದಳು. ಇಷ್ಟವಾಗಲಿಲ್ಲವೇನೋ ಎಂದು ನನಗೆ ಅಳುಕು. ಎಲ್ಲರಿಗೂ ನೇರ ನಿಂತ ಫೋಟೋನೇ ಬೇಕಲ್ಲವೇ?

“ಇದು ನಾನಲ್ಲ” ಎಂದಳು ಕಡೆಗೆ. “ನಮ್ಮವ್ವ ಇದು.”

“ನೀನೇ ಕಣಜ್ಜಿ, ಈರುಳ್ಳಿ ಹೊಲದಾಗೆ ತೆಗೆದಿದ್ದು” ಎಂದಳು ಗೌರಕ್ಕ.

“ನಂಗೊತ್ತು ಕಣೆ. ನಮ್ಮವ್ವ ಹಿಂಗೇ ಬಗ್ಗೋಳು, ನಾವು ಹುಡುಗ್ರು ಏನಾರ ಹೇಳಾಕೆ ಬಂದ್ರೆ. ಅವ್ವಂದು ಒಂದೂ ಫೋಟೋ ಇರ್ಲಿಲ್ಲ ನಮ್ಮನ್ಯಾಗೆ. ಮುಖನೇ ಮರ್ತೋಗಿತ್ತು ನಂಗೆ.” ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿದಳು. “ಕುಂತ್ಕಳವ್ವಾ. ಅಲ್ಲ, ಅವತ್ತು ನೀನು ಏನಂದೆ ಅಂತ ನಂಗೆ ಕೊನೆಗೂ ಕೇಳ್ಲೇ ಇಲ್ಲ.”

“ಏಳಬೇಡಿ ಅಂದೆ” ಎಂದು ಅವಳ ಕಿವಿಯಲ್ಲಿ ಹೇಳಿದೆ.

“ಅಷ್ಟೇನಾ? ನಾನು ಏನೋ ಕಷ್ಟ ಹೇಳ್ಕಂತಾಳೆ ಪಾಪ ಅನ್ಕಂಡಿದ್ದೆ” ಎಂದು ನಕ್ಕಳು. ನಾವು ಮೂವರೂ ನಕ್ಕೆವು. ಗೌರಕ್ಕನ ನಗು ಬೀದಿಗೆ ಕೇಳಿಸಿರಬೇಕು.

ಮುಂದೆ, ಗಂಟಲಿನ ವ್ಯಾಯಾಮಗಳನ್ನು ಮಾಡುತ್ತಾ ಮಾಡುತ್ತಾ ದನಿ ಮೆಲ್ಲಗೆ ಹಿಂತಿರುಗಿತು. ಹಳೆಯ ದನಿಯಲ್ಲ, ಒರಟು, ನಡುನಡುವೆ ಒಡೆಯುವಂಥದ್ದು. ಆದರೂ ದನಿಯೇ. ತರಗತಿಗೆ ಮರಳಿದೆ. ಸಂಭ್ರಮದಲ್ಲಿ, ಹಿರಿಯೂರಿನ ಹತ್ತಿರ ಆದಿವಾಲದಲ್ಲಿರುವ ನನ್ನ ತವರಿಗೆ ಕ್ಯಾಮೆರಾ ಹಿಡಿದು ಹೋದೆ. ಬಂದ ಮಾತನ್ನು ಸುಮ್ಮನಿರಿಸಲು ಯಾರಿಗೆ ತಾನೇ ಆಗುತ್ತದೆ? “ಈ ಕಡೆ ನೋಡು, ಗದ್ದ ಎತ್ತು, ನಗು” ಎಂದು ಎಲ್ಲರನ್ನೂ ನಿಲ್ಲಿಸಿ ತೆಗೆದೆ. ಆಮೇಲೆ ನೋಡಿದರೆ ನನ್ನ ಬಂಧುಬಳಗವೆಲ್ಲ ಹೋಂವರ್ಕ್ ಮಾಡದೆ ಸಿಕ್ಕಿಬಿದ್ದವರಂತೆ ನಿಂತಿತ್ತು. ಪಡೆದದ್ದನ್ನು ಮತ್ತೆ ಕಳೆದುಕೊಂಡೆನೇ ಎಂದು ಒಂದೊಂದನ್ನೂ ಓಬಜ್ಜಿಯ ಚಿತ್ರದ ಪಕ್ಕದಲ್ಲಿಟ್ಟು ನೋಡಿದೆ. ಮೊದಲು ಬೇರೆ ದಾರಿಯಿಲ್ಲದೆ ಸುಮ್ಮನಿದ್ದೆ, ಇನ್ನು ಬೇಕೆಂದೇ ಸುಮ್ಮನಿರಬೇಕು ಎಂದು ಅರ್ಥವಾಯಿತು. ನನ್ನಂಥವಳಿಗೆ ಅದು ಗಂಟಲಿನ ವ್ಯಾಯಾಮಕ್ಕಿಂತ ಕಷ್ಟ. ಈಗಲೂ ಅಭ್ಯಾಸ ನಡೆದೇ ಇದೆ.

ಹೋದ ತಿಂಗಳು ಮತ್ತೆ ಆದಿವಾಲಕ್ಕೆ ಹೋಗಿದ್ದೆ. ನನ್ನ ತಮ್ಮ ತಿಪ್ಪೇಶನ ಜೊತೆ, ಅವನ ಕುರಿಗಳು ಮೇಯುತ್ತಿದ್ದ ಬೀಳಿನಲ್ಲಿ ಬೇವಿನ ಮರದ ಕೆಳಗೆ ಕುಳಿತೆ. ತಿಪ್ಪೇಶ ಮಾತು ಕಡಿಮೆಯವನು. ಬೇಕೆಂದೇ ನಾನೂ ಏನೂ ಕೇಳಲಿಲ್ಲ. ಕುರಿಗಳು ಮೇಯುತ್ತಾ ದೂರ ಹೋದವು. ಅವನು ಎದ್ದು ಅವನ್ನು ತಿರುಗಿಸಿಕೊಂಡು ಬಂದು ಮತ್ತೆ ಕುಳಿತ.

“ಅಕ್ಕಾ, ನಿನ್ನ ದನಿ ಹೋದಾಗ ನಂಗೆ ದಿಗಿಲಾಗಿತ್ತು” ಎಂದ. “ಫೋನ್ ಮಾಡಿದ್ರೆ ಬರೀ ಉಸಿರು ಕೇಳ್ತಿತ್ತು. ಮುಂಚೆ ನೀನು ಮೊಬೈಲಿಗೆ ವಾಯ್ಸ್ ಕಳಿಸ್ತಿದ್ದೆಲ್ಲ, ಅವನ್ನ ಅಳಿಸಿರ್ಲಿಲ್ಲ ನಾನು. ಕುರಿ ಹಿಂದೆ ಬಂದಾಗ ಅವನ್ನೇ ಹಾಕ್ಕಂಡು ಕೇಳ್ತಿದ್ದೆ.”

ಜೇಬಿನಿಂದ ಮೊಬೈಲು ತೆಗೆದು ಒಂದನ್ನು ಹಾಕಿದ. “ಲೇ ತಿಪ್ಪೇಶ, ಬಿಪಿ ಮಾತ್ರೆ ತಗಂಡ್ಯೇನೋ? ನಿನಗೆ ಎಷ್ಟು ಸಲ ಹೇಳಬೇಕು? ಅಂಗಡಿಗೆ ಹೋಗಾಕೆ ಕಾಲಿಲ್ವಾ ನಿಂಗೆ?” ದುಂಡನೆಯ, ತುಂಬಿದ ದನಿ. ಬೀಳಿನ ತುಂಬಾ ಕೇಳಿಸಿತು. ಆ ದನಿಯನ್ನು ಮತ್ತೆ ಕೇಳಿದರೆ ಎದೆ ಒಡೆಯುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಒಳ್ಳೆಯ ದನಿ, ತನ್ನ ಕಾಲದಲ್ಲಿ ಚೆನ್ನಾಗಿ ದುಡಿದಿದೆ ಎನ್ನಿಸಿತು. ಒಬ್ಬ ಮನುಷ್ಯ ಅದನ್ನು ಬಿಸಿಲಲ್ಲಿ, ಬೀಳಿನಲ್ಲಿ ಜೊತೆಗಿಟ್ಟುಕೊಂಡಿದ್ದ ಎಂದರೆ ಇನ್ನೇನು ಬೇಕು? ತಿಪ್ಪೇಶ ಮೊಬೈಲಿನ ಕಡೆ ತಲೆ ಬಗ್ಗಿಸಿ ಕೇಳುತ್ತಿದ್ದ. ನಾನು ಕ್ಯಾಮೆರಾ ಎತ್ತಿದೆ.

ಆ ಚಿತ್ರ ಈಗ ಸ್ಟಾಫ್ ರೂಮಿನ ನನ್ನ ಮೇಜಿನ ಮೇಲಿದೆ. ನಿನ್ನೆ ಕಾಪಿ ಪುಸ್ತಕಗಳನ್ನು ತಂದುಕೊಟ್ಟ ಒಂಬತ್ತನೇ ತರಗತಿಯ ಹುಡುಗಿ ಅದನ್ನು ನೋಡಿ ನಿಂತಳು.

“ಯಾರು ಮಿಸ್ ಇವ್ರು?”

“ನನ್ನ ತಮ್ಮ.”

“ಏನ್ಮಾಡ್ತಾ ಅದಾರೆ?”

“ನನ್ನ ಕೈಲಿ ಬೈಸಿಕೊಳ್ತಾ ಇದಾನೆ.”

ಅವಳು ಇನ್ನೊಮ್ಮೆ ನೋಡಿದಳು. “ಬೈಸ್ಕಣಾಗ ಯಾರಾದ್ರೂ ಹಿಂಗೆ ನಗ್ತಾರಾ ಮಿಸ್?”

“ನಗ್ತಾರೆ ಕಣಮ್ಮ” ಎಂದೆ. ದನಿ ನಡುವೆ ಒಡೆಯಿತು. ಅವಳು ಪುಸ್ತಕಗಳನ್ನು ಮೇಜಿನ ಮೇಲಿಟ್ಟು, ಚಿತ್ರವನ್ನು ನೋಡುತ್ತಾ ಅಲ್ಲೇ ನಿಂತಿದ್ದಳು. ಬೆಲ್ಲು ಹೊಡೆಯುವವರೆಗೂ ನಾನು ಅವಳನ್ನು ಕಳಿಸಲಿಲ್ಲ.