ಉಳ್ಳಾಗಡ್ಡಿಯ ಕಾವಲು

ಬಳ್ಳಾರಿಯ ಬಿಸಿಲನ್ನು ಬೈಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಅನುಮಾನ: ಇವರು ಒಣ ಉಳ್ಳಾಗಡ್ಡಿ ತಿಂದವರಲ್ಲ. ನಮ್ಮೂರಿಗೆ ಮಳೆ ಕೊಡುವಾಗ ದೇವರು ಕೈ ಬಿಗಿಹಿಡಿದ, ನೆರಳು ಕೊಡುವುದನ್ನು ಮರೆತೇಬಿಟ್ಟ, ಬಿಸಿಲಿನ ಬುಟ್ಟಿಯನ್ನು ಮಾತ್ರ ಬೋರಲು ಹಾಕಿ ಹೋದ. ಧಾರಾಳವಾಗಿ ಸಿಕ್ಕಿದ್ದು ಅದೊಂದೇ. ಅದನ್ನೂ ಬೈಯುತ್ತ ಕೂತರೆ ಹೇಗೆ? ನನ್ನ ಅತ್ತೆ ಬೈಯಲಿಲ್ಲ. ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ, ಉಳ್ಳಾಗಡ್ಡಿ ಹೆಚ್ಚಿ ಹರವಿದರು.

ಅದಕ್ಕೂ ಮೊದಲು ನಮ್ಮ ಮನೆಯವರು ಒಣ ಉಳ್ಳಾಗಡ್ಡಿಯನ್ನು ಪೇಟೆಯಲ್ಲಿ ಹುಡುಕಿದ ಒಂದು ಪ್ರಸಂಗವೂ ಇದೆ. ಯುದ್ಧ ಮುಗಿದ ಹೊಸತು. ಸಕ್ಕರೆಗೂ ಸೀಮೆಎಣ್ಣೆಗೂ ಕಾರ್ಡು ಹಿಡಿದು ನಿಲ್ಲಬೇಕು. ಆದರೆ ಬ್ರೂಸ್‌ಪೇಟೆಯಲ್ಲಿ ಪಟಾಲಮ್ಮಿನವರು ಬಿಟ್ಟುಹೋದ ಬೂಟು, ಕಂಬಳಿ, ಸೊಳ್ಳೆಪರದೆಗಳಿಗೇನೂ ಬರವಿರಲಿಲ್ಲ. ನನ್ನ ಯಜಮಾನರು ಅಲ್ಲಿಂದ ಒಂದು ದಿನ ದೊಡ್ಡ ತಗಡಿನ ಡಬ್ಬಿ ಹೊತ್ತು ತಂದರು. ಒಳಗಿದ್ದದ್ದು ವಿಲಾಯತಿಯ ಒಣ ಉಳ್ಳಾಗಡ್ಡಿ. ಇನ್ನು ಮೇಲೆ ಅಡಿಗೆಮನೆಯಲ್ಲಿ ಯಾರೂ ಕಣ್ಣೀರು ಹಾಕಬೇಕಿಲ್ಲ ಎಂದು ಅತ್ತೆಗೂ ನನಗೂ ಅಭಯ ಕೊಟ್ಟರು. ನೆನೆಸಿದೆವು, ಹಿಂಡಿದೆವು, ಒಗ್ಗರಣೆಗೆ ಹಾಕಿದೆವು. ಉಂಡ ಮೇಲೆ, ಆ ಸಿಪಾಯಿಗಳು ಅಷ್ಟು ವರ್ಷ ಯಾಕೆ ಸಿಟ್ಟಿನಿಂದ ಹೊಡೆದಾಡಿದರು ಎಂಬುದು ನನಗೆ ಅರ್ಥವಾಯಿತು.

"ಕಾಗದ ಕುದಿಸಿದಂಗ ಐತಿ" ಎಂದು ಅತ್ತೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಉಳ್ಳಾಗಡ್ಡಿ ದನದ ಕಲಗಚ್ಚಿಗೆ ಹೋಯಿತು. ದನವೂ ಬೇಸರದಿಂದಲೇ ತಿಂದಿತು. ಡಬ್ಬಿ ಮಾತ್ರ ಚೆನ್ನಾಗಿತ್ತು, ಇಟ್ಟುಕೊಂಡೆವು. ಅದರೊಳಗೆ ತುಂಬುವ ಮಾಲನ್ನು ನಾವೇ ತಯಾರಿಸುವುದೆಂದಾಯಿತು.

ನನ್ನ ತವರು ಸಿರುಗುಪ್ಪ. ಅಪ್ಪ ಬೇಸಿಗೆಗೊಂದು ಚೀಲ ಉಳ್ಳಾಗಡ್ಡಿಯನ್ನು ಇದ್ದಿಲಿನ ಬಸ್ಸಿನ ತಲೆಯ ಮೇಲೆ ಹಾಕಿ ಕಳಿಸುತ್ತಿದ್ದರು. ಆ ಬಸ್ಸು ದಾರಿಯಲ್ಲಿ ನಿಂತಲ್ಲೆಲ್ಲ ಬಿಸಿಲು ಕಾಯಿಸಿಕೊಳ್ಳುತ್ತಿದ್ದುದರಿಂದ ಮಾಲು ಮನೆ ಮುಟ್ಟುವಷ್ಟರಲ್ಲಿ ಅರ್ಧ ಒಣಗಿರುತ್ತಿತ್ತು ಎಂದು ಯಜಮಾನರ ಚೇಷ್ಟೆ. ಅತ್ತೆಯ ತವರು ಕುರುಗೋಡು. ಸಿರುಗುಪ್ಪದವರು ಬಿಲ್ಲೆಯಾಗಿ ಹೆಚ್ಚುತ್ತೇವೆ, ಕುರುಗೋಡಿನವರು ಉದ್ದಕ್ಕೆ ಸೀಳುತ್ತಾರೆ. ಯಾವುದು ಸರಿ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎಂದೂ ಚರ್ಚೆ ನಡೆಯಲಿಲ್ಲ. ಉದ್ದಕ್ಕೆ ಸೀಳಿದೆವು.

ಉಳ್ಳಾಗಡ್ಡಿ ತಾಮಸ, ಅದನ್ನು ತಿಂದವರಿಗೆ ಕೋಪ ಜಾಸ್ತಿ ಎಂದು ಶಾಸ್ತ್ರ ಬಲ್ಲವರು ಹೇಳುತ್ತಾರೆ. ಹಸಿಯದನ್ನು ನೋಡಿ ಹೇಳಿರಬೇಕು. ಬಳ್ಳಾರಿಯ ಮಾಳಿಗೆಯ ಮೇಲೆ ಮಲಗಿದ ಉಳ್ಳಾಗಡ್ಡಿಗಿಂತ ದೊಡ್ಡ ತಪಸ್ವಿ ಯಾರಿದ್ದಾರೆ? ನೀರು ಬಿಡುತ್ತದೆ, ಮೈ ಬಿಡುತ್ತದೆ, ಕಂಡವರನ್ನೆಲ್ಲ ಅಳಿಸುವ ಚಟ ಬಿಡುತ್ತದೆ. ಕೊನೆಗೆ ಒಂದಿಷ್ಟು ಸಿಹಿಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಗರಿಗರಿ ಒಣಗಿದ್ದನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಕೊಬ್ಬರಿಯ ಜೊತೆ ಕುಟ್ಟಿ ವರ್ಷದ ಮಸಾಲೆ ಖಾರಕ್ಕೆ ಸೇರಿಸುತ್ತಿದ್ದೆವು. ಮಳೆಗಾಲದಲ್ಲಿ ಹಸಿಯದು ಕೊಳೆತು ನಾರುವಾಗ ಪುಂಡಿಪಲ್ಯದ ಮೇಲೆ ಇದನ್ನೇ ಪುಡಿಮಾಡಿ ಉದುರಿಸುತ್ತಿದ್ದೆವು. ಇನ್ನು ಒಂದೇ ಬಿಸಿಲು ಕಂಡು ಬಾಡಿದ್ದಿರುತ್ತದಲ್ಲ, ಅದನ್ನು ಹುರಿದರೆ ಬೇಗ ಕೆಂಪಗಾಗುತ್ತದೆ, ಎಣ್ಣೆಯನ್ನೂ ಕಡಿಮೆ ಕುಡಿಯುತ್ತದೆ. ಮಂಡಕ್ಕಿಗೆ ಅದರಂಥದ್ದು ಇನ್ನೊಂದಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಷ್ಟೆಲ್ಲ ಬೆಲೆಯುಳ್ಳ ಆಸ್ತಿಗೆ ಕಾವಲು ಬೇಡವೇ? ನನ್ನ ಮಾವ ತಾಲೂಕು ಕಚೇರಿಯ ಖಜಾನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಕೂತ ಹೊಸದರಲ್ಲಿ, ನಾನು ಒಲೆಗೆ ಕಟ್ಟಿಗೆ ಇಡುವ ಕ್ರಮದಿಂದ ಹಿಡಿದು ಅತ್ತೆ ಬಾಗಿಲಿಗೆ ನೀರು ಹಾಕುವ ದಿಕ್ಕಿನ ತನಕ ಎಲ್ಲದರಲ್ಲೂ ತಪ್ಪು ತೋರಿಸಿದರು. ಒಂದು ದಿನ ಅತ್ತೆ ಅವರ ಕೈಗೆ ಕೋಲು ಕೊಟ್ಟು, "ಮ್ಯಾಲೆ ಹೋಗಿ ಕಾಗಿ ಕಾಯ್ರಿ" ಎಂದರು. ಅಂದಿನಿಂದ ಪ್ರತಿ ಬೇಸಿಗೆ ಮಾವನಿಗೆ ಅದೇ ಹುದ್ದೆ. ಬಳ್ಳಾರಿಯ ಆ ಬಿಸಿಲಿನಲ್ಲಿ ಮುಚ್ಚುಕೋಟು ತೊಟ್ಟು, ರುಮಾಲು ಸುತ್ತಿ, ಕೊಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಸರಕಾರದ ರೊಕ್ಕವನ್ನು ಸಹ ಅವರು ಇಷ್ಟು ಶ್ರದ್ಧೆಯಿಂದ ಕಾದಿರಲಿಕ್ಕಿಲ್ಲ. ಸಂಜೆ ಕೆಳಗಿಳಿದು, "ಒಂದು ಚೂರೂ ಹೋಗಿಲ್ಲ" ಎಂದು ಅತ್ತೆಗೆ ವರದಿ ಒಪ್ಪಿಸುತ್ತಿದ್ದರು. ಅತ್ತೆ ತಲೆಯಾಡಿಸಿದರೆ ಮುಖ ಅರಳುತ್ತಿತ್ತು.

ಹೀಗೆ ಎಲ್ಲವೂ ಸುಸೂತ್ರವಾಗಿದ್ದಾಗ ನನ್ನ ಮೈದುನ ಚೆನ್ನಬಸವ ರಜೆಗೆ ಬಂದ. ಮದರಾಸಿನಲ್ಲಿ ವಿಜ್ಞಾನ ಓದುತ್ತಿದ್ದ. ವಿಜ್ಞಾನ ಓದುವವರು ರಜೆಯಲ್ಲಾದರೂ ಅದನ್ನು ಹಾಸ್ಟೆಲಿನಲ್ಲೇ ಬಿಟ್ಟು ಬರಬೇಕೆಂದು ಸರಕಾರ ಒಂದು ಕಾಯಿದೆ ಮಾಡಿದರೆ ಎಷ್ಟೋ ಮನೆಗಳು ಉಳಿಯುತ್ತವೆ. ಊಟಕ್ಕೆ ಕೂತಾಗ ಅವನು ನಗುತ್ತ ಹೇಳಿದ: "ಅಪ್ಪಾ, ಕಾಗಿ ಉಳ್ಳಾಗಡ್ಡಿ ಮುಟ್ಟಂಗಿಲ್ಲ. ಮಂಗ್ಯಾ ಸೈತ ಮೂಸಿ ನೋಡಿ ಬಿಟ್ಟು ಹೋಗತೈತಿ. ಇಷ್ಟ್ ವರ್ಷ ನೀವು ಮ್ಯಾಲೆ ಕುಂತು ಯಾರನ್ನ ಓಡಿಸಿದ್ರಿ?"

ಮಾವ ಯೋಚಿಸಿದರು. ಒಂದು ಕಾಗೆಯನ್ನಾದರೂ ಓಡಿಸಿದ ನೆನಪು ಅವರಿಗೆ ಬರಲಿಲ್ಲವೆಂದು ತೋರುತ್ತದೆ. ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದರು. ಮರುದಿನ ರುಮಾಲು ಗೂಟದಲ್ಲೇ ಇತ್ತು. ಅದರ ಮರುದಿನವೂ ಇತ್ತು. ಕಟ್ಟಿಗೆ ಇಡುವುದರಲ್ಲಿ ನಾನು ಬೇಕೆಂದೇ ತಪ್ಪು ಮಾಡಿದೆ, ಅವರು ಆ ಕಡೆ ನೋಡಲೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮೈದುನ ಮಾತ್ರ ಪುಸ್ತಕ ಹಿಡಿದು ನೆಮ್ಮದಿಯಾಗಿದ್ದ, ಸತ್ಯ ಹೇಳಿದವನಲ್ಲವೇ!

ಆ ಸಂಜೆ ಅತ್ತೆ ಮಾಳಿಗೆಯಿಂದ ಇಳಿದವರೇ ಕೂಗು ಹಾಕಿದರು. "ಏನ್ರೀ, ಈ ಮನ್ಯಾಗ ಗಂಡಸರು ಅದಾರೋ ಇಲ್ಲೋ? ಒಂದು ಕಡಿ ಧೋತರ ಬೋಳಾಗೇತಿ! ಕಾಗಿ ತಿನ್ನಂಗಿಲ್ಲ ಖರೆ, ಮನುಷ್ಯಾರು ತಿಂತಾರಲ್ಲ?"

ಮಾವ ಎದ್ದು ಕೂತರು. ಮರುದಿನ ಬೆಳಿಗ್ಗೆ ನೋಡಿದರೆ ಗೂಟ ಖಾಲಿ.

ಆಮೇಲೆ ನಡೆದ ವಿಚಾರಣೆಯನ್ನು ಏನೆಂದು ಹೇಳಲಿ? ನಮ್ಮ ಓಣಿಯ ಮಾಳಿಗೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ, ಆದ್ದರಿಂದ ಓಣಿಯೆಲ್ಲ ಸಂಶಯಕ್ಕೆ ಪಾತ್ರವಾಯಿತು. ಪಕ್ಕದ ಮನೆಯ ಸುಬ್ಬಮ್ಮ, ಉಳ್ಳಾಗಡ್ಡಿಯ ವಾಸನೆ ಬಂದರೆ ಸ್ನಾನ ಮಾಡುವ ಹೆಂಗಸು, ಸೀರೆ ಒಣಹಾಕಲು ಬಂದರೂ ಮಾವ ಕೋಲು ಹಿಡಿದು ಎದ್ದು ನಿಲ್ಲುತ್ತಿದ್ದರು. ಇಷ್ಟಾದರೂ ದಿನಕ್ಕೆ ಒಂದೆರಡು ಹಿಡಿ ಮಾಯವಾಗುತ್ತಲೇ ಇತ್ತು. ಮಾವ ಸೋತಷ್ಟೂ ಲವಲವಿಕೆಯಾದರು. ಎರಡು ರೊಟ್ಟಿ ಹೆಚ್ಚಿಗೆ ಉಣ್ಣತೊಡಗಿದರು. ಕುರುಗೋಡಿನ ಬೆಟ್ಟದ ಮೇಲೆ ಕೋಟೆ ಕಟ್ಟಿದವರೂ ಹೀಗೇ ಇದ್ದಿರಬೇಕು: ಶತ್ರು ಬರುತ್ತಾನೆ ಎಂಬ ಭರವಸೆ ಇಲ್ಲದಿದ್ದರೆ ಅಷ್ಟು ಎತ್ತರಕ್ಕೆ ಕಲ್ಲು ಹೊರುವ ಉಮೇದು ಯಾರಿಗೆ ಬರುತ್ತದೆ?

ಒಂದು ಮಧ್ಯಾಹ್ನ ಮಾವನಿಗೆ ಮಜ್ಜಿಗೆ ಕೊಡಲು ಮೆಟ್ಟಿಲು ಹತ್ತಿದೆ. ಕೊಡೆಯ ಕೆಳಗೆ, ಮುಖದ ಮೇಲೆ ಟವೆಲು ಹಾಕಿಕೊಂಡು ಮಾವ ಗೊರಕೆ ಹೊಡೆಯುತ್ತಿದ್ದರು. ಅವರ ಕಾಲಬುಡದಲ್ಲೇ ಅತ್ತೆ ಕುಕ್ಕುರುಗಾಲಲ್ಲಿ ಕೂತು, ನಿನ್ನೆ ಹರವಿದ ಬಾಡು ಉಳ್ಳಾಗಡ್ಡಿಯನ್ನು ಆರಿಸಿ ಆರಿಸಿ ಸೆರಗಿಗೆ ತುಂಬುತ್ತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ನನ್ನ ಪಕ್ಕದಿಂದಲೇ ಇಳಿದು ಹೋದರು.

ಅವರ ಬಳೆಯ ಸದ್ದು ಕೆಳಗೆ ಅಡಗಿತು. ಗೊರಕೆಯೂ ನಿಂತಿತು. ಮಾವ ಟವೆಲು ತೆಗೆದು, ಕೋಲಿನ ತುದಿಯಿಂದ ಅಕ್ಕಪಕ್ಕದ ಉಳ್ಳಾಗಡ್ಡಿಯನ್ನು ಸರಿಸಿ, ಬೋಳಾದ ಜಾಗವನ್ನು ನಾಜೂಕಾಗಿ ಮುಚ್ಚಿದರು. ಆಮೇಲೆ ನನ್ನನ್ನು ನೋಡಿದರು.

"ಮಾವಾ, ಎಚ್ಚರ ಇದ್ರೇನ್ರಿ?" ಎಂದೆ.

"ಕಳ್ಳರು ಸಿಕ್ಕರ ನಾಳಿಂದ ನನಗೇನು ಕೆಲಸವ್ವಾ?" ಎನ್ನುತ್ತ ಮಜ್ಜಿಗೆ ಇಸಿದುಕೊಂಡರು. "ಆಕಿಗೆ ಹೇಳಬ್ಯಾಡ. ಪಾಪ, ಈ ಬಿಸಲಾಗ ಮೆಟ್ಟಲ ಹತ್ತಿ ಬರತಾಳ."

ಸಂಜೆ ಅತ್ತೆ ಮಂಡಕ್ಕಿ ಒಗ್ಗರಣೆ ಮಾಡಿ, ಮೇಲೆ ಕೆಂಪಗೆ ಹುರಿದ ಉಳ್ಳಾಗಡ್ಡಿ ಉದುರಿಸಿ ಮಾವನ ಮುಂದಿಟ್ಟರು. ಈಚೆಗೆ ಅವರ ತಟ್ಟೆಗೆ ಮಾತ್ರ ಅದು ಯಾಕೆ ಅಷ್ಟು ಬೀಳುತ್ತಿತ್ತೆಂದು ನನಗೆ ಆಗ ಹೊಳೆಯಿತು. ಮಾವ ಕರುಂ ಕರುಂ ಎಂದು ಅಗಿಯುತ್ತಲೇ ನಿಟ್ಟುಸಿರು ಬಿಟ್ಟರು.

"ಇವತ್ತೂ ಕಳುವಾತು ನೋಡು."

"ನಾಳೆ ಇನ್ನಷ್ಟು ಎಚ್ಚರ ಇರ್ರಿ" ಎಂದು ಅತ್ತೆ ಇನ್ನೊಂದು ಹಿಡಿ ಹಾಕಿದರು.